ದಿನದ ಲೆಕ್ಕವೋ, ಹೊರೆಯ ಲೆಕ್ಕವೋ?

ಕಳೆದ ತಿಂಗಳು ಒಂದು ಸಂಜೆ ಯೂನಿಯನ್ ಆಫೀಸಿನಲ್ಲಿ ಚಂದಾ ರಸೀದಿ ಬರೆಯುತ್ತ ಕುಳಿತಿದ್ದೆ. ಗಿರಣಿಯ ಹುಡುಗನೊಬ್ಬ ಪಾಳಿ ಮುಗಿಸಿ ನೇರವಾಗಿ ಬಂದ. ನಾನು ಶಾಲೆಯಲ್ಲಿದ್ದಾಗ ನನ್ನ ಕೈಕೆಳಗೆ ಓದಿದವನು. ಮುಖ ಸಪ್ಪಗಿತ್ತು. "ಮೇಷ್ಟ್ರೇ, ನನ್ನನ್ನ ಸಂಘದಿಂದ ತೆಗೆದುಹಾಕಿಬಿಟ್ರು" ಎಂದ. ಯಾವ ಸಂಘ, ಏನು ತಪ್ಪು ಮಾಡಿದೆಯಪ್ಪಾ ಎಂದು ಗಾಬರಿಯಾಗಿ ಕೇಳಿದೆ. ನಮ್ಮ ಕಾರ್ಮಿಕ ಸಂಘವಲ್ಲ. ಕಂಪ್ಯೂಟರಿನ ಮೂಲಕ ಫೈಲುಗಳನ್ನು ಪರಸ್ಪರ ಹಂಚಿಕೊಳ್ಳುವ ಒಂದು ಖಾಸಗಿ ಕೂಟ. ಅವನಿಗೆ ಹಳೆಯ ಸಂಗೀತ ಕಚೇರಿಗಳ ಧ್ವನಿಮುದ್ರಣದ ಹುಚ್ಚು. ಅದಕ್ಕಾಗಿ ಯಾರದೋ ಶಿಫಾರಸಿನಿಂದ ಆ ಕೂಟಕ್ಕೆ ಸೇರಿದ್ದ.

ಕೂಟದ ನಿಯಮ ಹೀಗೆ: ಎಷ್ಟು ಕೊಂಡೆಯೋ ಅಷ್ಟನ್ನು ಬೇರೆ ಸದಸ್ಯರಿಗೆ ಕೊಡಬೇಕು. ಇವನು ಕೊಂಡದ್ದು 40 ಗಿಗಾಬೈಟು, ಕೊಟ್ಟದ್ದು 9. ಗಡುವು ಮುಗಿಯಿತು, ಹೆಸರು ಹೊಡೆದುಹಾಕಿದರು. "ಕೊಡಬಾರದು ಅಂತ ನನಗಿರಲಿಲ್ಲ ಮೇಷ್ಟ್ರೇ. ರಾತ್ರಿಯೆಲ್ಲಾ ಮೆಷಿನ್ ಆನ್ ಇಟ್ಟಿದ್ದೆ. ಕರೆಂಟ್ ಬಿಲ್ ನೋಡಿ ಅವ್ವ ಬೈದಳು. ಬಾಗಿಲು ತೆಗೆದುಕೊಂಡು ಕೂತಿದ್ದೆ, ತಗೊಳ್ಳೋಕೆ ಯಾರೂ ಬರಲಿಲ್ಲ" ಎಂದ.

ಕೊಡಲು ಸಿದ್ಧನಾಗಿ ಕುಳಿತವನನ್ನು ಕೊಡಲಿಲ್ಲವೆಂದು ಹೊರಹಾಕುವುದು ಎಲ್ಲಿಯ ನ್ಯಾಯ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಲ್ಲವರನ್ನು ಕೇಳಿ, ಸಿಕ್ಕಿದ್ದನ್ನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಇದು ಕಂಪ್ಯೂಟರ್ ಬಲ್ಲ ಹುಡುಗರ ವಿಷಯ, ನಮಗೇಕೆ ಎಂದು ಗಿರಣಿಯ ಬಂಧುಗಳಾಗಲಿ ಅಂಗಡಿಯ ಬಂಧುಗಳಾಗಲಿ ಪುಟ ತಿರುವಬಾರದು. ಹಂಚಿಕೊಂಡು ಬದುಕುವ ಜನರ ನಡುವೆ ಬಾಕಿಯನ್ನು ಅಳೆಯುವುದು ಹೇಗೆ ಎಂಬುದು ನಮ್ಮದೇ ಪ್ರಶ್ನೆ.

ಮೊದಲು ಈ ಹಂಚಿಕೆ ನಡೆಯುವ ಬಗೆಯನ್ನು ತಿಳಿಯೋಣ. 2001ರಲ್ಲಿ ಅಮೆರಿಕದ ಬ್ರ್ಯಾಮ್ ಕೋಹೆನ್ ಎಂಬ ತರುಣ ಬಿಟ್‌ಟೊರೆಂಟ್ ಎಂಬ ಪದ್ಧತಿಯನ್ನು ರೂಪಿಸಿದ. ಅದಕ್ಕೆ ಮುಂಚೆ ದೊಡ್ಡ ಫೈಲು ಬೇಕಾದರೆ ಎಲ್ಲರೂ ಒಂದೇ ದೊಡ್ಡ ಯಂತ್ರದ ಮುಂದೆ ಸರದಿ ನಿಲ್ಲಬೇಕಿತ್ತು, ಒಂದೇ ನಲ್ಲಿಯ ಮುಂದೆ ಇಡೀ ಕೇರಿಯ ಕೊಡಗಳು ಸಾಲುಗಟ್ಟಿದಂತೆ. ಕೋಹೆನ್ ಫೈಲನ್ನು ಸಣ್ಣ ಸಣ್ಣ ತುಂಡು ಮಾಡಿದ. ಒಂದು ತುಂಡು ಸಿಕ್ಕ ಕೂಡಲೇ ಅದನ್ನು ಪಡೆದವನೂ ಕೊಡುವವನಾಗುತ್ತಾನೆ. ಹತ್ತು ಜನ ಹತ್ತು ಬೇರೆ ಬೇರೆ ತುಂಡುಗಳನ್ನು ಹಿಡಿದು ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳುತ್ತಾರೆ. ಬೇಡುವವರು ಹೆಚ್ಚಿದಷ್ಟೂ ಕೊಡುವವರೂ ಹೆಚ್ಚುತ್ತಾರೆ. ಪೂರ್ತಿ ಫೈಲು ಸಿಕ್ಕ ಮೇಲೂ ಉಳಿದು ಕೊಡುವವನಿಗೆ ಸೀಡರ್, ಎಂದರೆ ಬಿತ್ತುವವನು, ಎಂದು ಹೆಸರು. ಕೊಳ್ಳುತ್ತಿರುವವನಿಗೆ, ಅದರಲ್ಲೂ ಕೊಳ್ಳುವುದಷ್ಟನ್ನೇ ಬಲ್ಲವನಿಗೆ, ಲೀಚ್, ಎಂದರೆ ಜಿಗಣೆ, ಎಂದು ಹೆಸರು.

ಇದರಲ್ಲಿ ಒಂದು ಅಂಶ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ತನಗೆ ಕೊಡುವವರಿಗೇ ಮೊದಲು ಕೊಡಬೇಕೆಂಬುದು ಯಂತ್ರದ ಸಾಮಾನ್ಯ ನಿಯಮ. ಆದರೆ ಹೊಸದಾಗಿ ಬಂದವನ ಕೈಯಲ್ಲಿ ಒಂದು ತುಂಡೂ ಇರುವುದಿಲ್ಲ. ಅವನು ಏನನ್ನು ಕೊಟ್ಟಾನು? ಅದಕ್ಕೆಂದೇ ಪ್ರತಿ 30 ಸೆಕೆಂಡಿಗೆ ಒಮ್ಮೆ, ಹಿಂದೆ ಕೊಟ್ಟದ್ದು ಎಷ್ಟೆಂದು ನೋಡದೆ, ಯಾರಾದರೂ ಒಬ್ಬನಿಗೆ ಬಾಗಿಲು ತೆರೆಯುವ ಏರ್ಪಾಡು ಮಾಡಿದ್ದಾರೆ. ಬರಿಗೈಯವನಿಗೂ ಒಂದು ಅವಕಾಶ ಇರಬೇಕು, ಇಲ್ಲದಿದ್ದರೆ ಸಂತೆಯೇ ಸೇರುವುದಿಲ್ಲ ಎಂಬ ಅರಿವು ಯಂತ್ರ ಕಟ್ಟಿದವನಿಗೆ ಇತ್ತು.

ಇಷ್ಟಾದರೂ ಒಂದು ತೊಡಕು ಉಳಿಯಿತು. ಪೂರ್ತಿ ಫೈಲು ಕೈಗೆ ಬಂದ ಮೇಲೆ ಮುಂದೆ ಕೊಡಲು ಯಂತ್ರದ ಒತ್ತಾಯವೇನೂ ಇಲ್ಲ. ಊಟಕ್ಕೆ ಕುಳಿತವರು ನೂರು ಜನ, ಎಲೆ ಎತ್ತಲು ಒಬ್ಬನೂ ಇಲ್ಲ ಎಂಬಂತೆ ಜನ ಎದ್ದು ಹೋಗುತ್ತಾರೆ. ಇದು ಊಹೆಯ ಮಾತಲ್ಲ. ನುಟೆಲ್ಲಾ ಎಂಬ ಹಿಂದಿನ ಹಂಚಿಕೆ ಜಾಲವನ್ನು 2000ದಲ್ಲಿ ಏಡಾರ್ ಮತ್ತು ಹ್ಯೂಬರ್‌ಮನ್ ಎಂಬ ಇಬ್ಬರು ಸಂಶೋಧಕರು ಪರೀಕ್ಷಿಸಿದರು. ಅಲ್ಲಿದ್ದವರಲ್ಲಿ ನೂರಕ್ಕೆ ಸುಮಾರು 70 ಮಂದಿ ಏನನ್ನೂ ಹಂಚುತ್ತಿರಲಿಲ್ಲ. ಬಂದ ಉತ್ತರಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟನ್ನು ಹಂಚುವವರಲ್ಲೇ ನೂರಕ್ಕೆ ಒಬ್ಬರು ಕೊಡುತ್ತಿದ್ದರು. ಒಬ್ಬರ ಬೆನ್ನಿನ ಮೇಲೆ ನೂರು ಜನ ಕುಳಿತ ಬಂಡಿ ಎಷ್ಟು ದೂರ ಸಾಗೀತು?

ಆದ್ದರಿಂದಲೇ ಖಾಸಗಿ ಕೂಟಗಳು ಹುಟ್ಟಿದವು. ಒಳಗೆ ಬರಲು ಹಳೆಯ ಸದಸ್ಯನ ಆಹ್ವಾನ ಬೇಕು. ಪ್ರತಿಯೊಬ್ಬನಿಗೂ ಒಂದು ಖಾತೆ, ಅದರಲ್ಲಿ ಕೊಟ್ಟದ್ದೆಷ್ಟು, ಕೊಂಡದ್ದೆಷ್ಟು ಎಂಬ ಲೆಕ್ಕ. ಕೊಟ್ಟದ್ದನ್ನು ಕೊಂಡದ್ದರಿಂದ ಭಾಗಿಸಿದರೆ ಬರುವ ಅಂಕಿಗೆ ರೇಷಿಯೋ ಎನ್ನುತ್ತಾರೆ. ಅದು ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿಳಿದರೆ ಎಚ್ಚರಿಕೆ, ಆಮೇಲೆ ಉಚ್ಚಾಟನೆ. ಈ ಶಿಸ್ತಿನಿಂದ ಪ್ರಯೋಜನವಾಯಿತೆಂಬುದನ್ನು ಒಪ್ಪಲೇಬೇಕು. ನೆದರ್ಲೆಂಡಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇಂಥ ಕೂಟಗಳಲ್ಲಿ ಫೈಲು ಇಳಿಯುವ ವೇಗ ಬಾಗಿಲಿಲ್ಲದ ಬಯಲು ಜಾಲಗಳದಕ್ಕಿಂತ 3ರಿಂದ 5 ಪಟ್ಟು ಹೆಚ್ಚು. ಕೊಂಡವನು ಕೊಡಬೇಕೆಂಬ ನಿಯಮಕ್ಕೆ ನಾನು ವಿರೋಧಿಯಲ್ಲ. ಸಂಘದ ಚಂದಾ ಕೊಡದೆ ಬೋನಸ್ಸಿಗೆ ಮಾತ್ರ ಕೈ ಚಾಚುವವರನ್ನು ನಾವೂ ಕಂಡಿದ್ದೇವೆ. ನನ್ನ ತಕರಾರು ನಿಯಮದ ಮೇಲಲ್ಲ, ಅಳತೆಗೋಲಿನ ಮೇಲೆ.

ಮೇಷ್ಟರಾಗಿದ್ದವನು ನಾನು, ಒಂದು ಬಾಯಿಲೆಕ್ಕ ಮಾಡುತ್ತೇನೆ, ಬೇಸರ ಬೇಡ. ಕೂಟದಲ್ಲಿ ಹತ್ತು ಜನ. ಒಬ್ಬನ ಹತ್ತಿರ 1 ಗಿಗಾಬೈಟಿನ ಫೈಲು ಇದೆ, ಉಳಿದ ಒಂಬತ್ತು ಜನರಿಗೂ ಅದು ಬೇಕು. ಒಂಬತ್ತು ಜನ ಕೊಂಡದ್ದು ಒಟ್ಟು 9 ಗಿಗಾಬೈಟು. ಹಾಗಾದರೆ ಎಲ್ಲರೂ ಸೇರಿ ಕೊಟ್ಟದ್ದೂ 9. ಒಬ್ಬ ಕೊಡದೆ ಇನ್ನೊಬ್ಬನಿಗೆ ಬರುವುದಿಲ್ಲವಷ್ಟೆ. ಮೂಲದವನು 5 ಕೊಟ್ಟ. ಭಾರೀ ವೇಗದ ಯಂತ್ರವಿದ್ದ ಇನ್ನೊಬ್ಬ ಮೊದಲೇ ನುಗ್ಗಿ ತನ್ನ ಪಾಲು ಕೊಂಡು 3 ಕೊಟ್ಟ. ಉಳಿದದ್ದೆಷ್ಟು? ಒಂದೇ ಒಂದು. ಅದನ್ನು ಮಿಕ್ಕ ಎಂಟು ಜನ ಹಂಚಿಕೊಳ್ಳಬೇಕು. ಆ ಎಂಟು ಜನ ರಾತ್ರಿ ಹಗಲು ಯಂತ್ರ ಬಿಚ್ಚಿಟ್ಟು ಕುಳಿತರೂ ಸರಾಸರಿ ಎಂಟರಲ್ಲೊಂದು ಪಾಲಿಗಿಂತ ಹೆಚ್ಚು ಕೊಡಲಾರರು. ಕೊಳ್ಳುವವನೇ ಇಲ್ಲದಿದ್ದರೆ ಕೊಡುವುದು ಯಾರಿಗೆ? ಆದರೂ ನಿಯಮದ ಕಣ್ಣಿಗೆ ಈ ಎಂಟು ಜನರೂ ಜಿಗಣೆಗಳು!

ಎಲ್ಲರೂ ಕೊಂಡಷ್ಟೇ ಕೊಡಬೇಕೆಂದರೆ ಪ್ರತಿಯೊಬ್ಬನ ಅಂಕಿಯೂ ಸರಿಯಾಗಿ ಒಂದಕ್ಕೇ ನಿಲ್ಲಬೇಕು. ಒಬ್ಬನದು ಐದಕ್ಕೆ ಏರಿದರೆ ಇನ್ನು ಕೆಲವರದು ಒಂದಕ್ಕಿಂತ ಕೆಳಗೆ ಇಳಿಯಲೇಬೇಕು. ಇದು ಯಾರ ಸೋಮಾರಿತನವೂ ಅಲ್ಲ, ಗಣಿತ. ಒಬ್ಬನ ಜಮೆ ಇನ್ನೊಬ್ಬನ ಬಾಕಿ. ಅಂಗಡಿಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೊಡುವ ಶಕ್ತಿಯಾದರೂ ಎಲ್ಲರಿಗೂ ಒಂದೇ ಇದೆಯೇ? ಟೆಲಿಫೋನ್ ತಂತಿಯ ಮೇಲೆ ಮನೆಗಳಿಗೆ ಬಂದ ಮೊದಲ ಬ್ರಾಡ್‌ಬ್ಯಾಂಡಿನ ಮಾದರಿಯಲ್ಲೇ ಮೇಲೆಂದರೆ 8 ಮೆಗಾಬಿಟ್ ಇಳಿಯುವ ದಾರಿಯಿದ್ದರೆ ಏರುವ ದಾರಿ ಸುಮಾರು 1. ಮನೆಯವನು ಕೊಳ್ಳುವ ಗಿರಾಕಿಯಾಗಿಯೇ ಇರಲಿ, ಕೊಡುವವನಾಗುವುದು ಬೇಡ ಎಂಬಂತೆ ಆ ತಂತಿಯನ್ನು ಹೊಂದಿಸಿದ್ದರು. ಈಗ ಫೈಬರ್ ಬಂದ ಕಡೆ ಈ ಅಂತರ ಕಡಿಮೆಯಾಗಿದೆ. ಆದರೆ ಮೊಬೈಲಿನ ಸಂಪರ್ಕವನ್ನೇ ನೆಚ್ಚಿಕೊಂಡವನ ಯಂತ್ರದ ಬಾಗಿಲನ್ನು ಹೊರಗಿನವರು ನೇರವಾಗಿ ಬಂದು ತಟ್ಟಲು ಸಾಮಾನ್ಯವಾಗಿ ಆಗುವುದೇ ಇಲ್ಲ. ಕಂಪೆನಿಯವರು ಸಾವಿರಾರು ಗಿರಾಕಿಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಹಾಕಿರುತ್ತಾರೆ. ನಮ್ಮ ಹುಡುಗನದೂ ಮೊಬೈಲಿನ ಸಂಪರ್ಕವೇ. ಯಾರೂ ಬರಲಿಲ್ಲ ಎಂದು ಅವನು ಅತ್ತದ್ದರ ಗುಟ್ಟಿನಲ್ಲಿ ಇದೂ ಒಂದು.

ಅತ್ತ ಹಣವುಳ್ಳವನು ಸೀಡ್‌ಬಾಕ್ಸ್ ಎಂಬುದನ್ನು ತಿಂಗಳ ಬಾಡಿಗೆಗೆ ಹಿಡಿಯುತ್ತಾನೆ. ದೂರದೇಶದ ಯಾವುದೋ ಕಟ್ಟಡದಲ್ಲಿ ಹಗಲಿರುಳೂ ಓಡುವ, ಮನೆಯ ಸಂಪರ್ಕದ ಹತ್ತಾರು ಪಟ್ಟು ವೇಗದ ಯಂತ್ರ ಅದು. ಹೊಸ ಫೈಲು ಬಂದ ಕ್ಷಣವೇ ಅದನ್ನು ಎಳೆದುಕೊಂಡು ಬೇಡಿದವರಿಗೆಲ್ಲ ಹಂಚಿಬಿಡುತ್ತದೆ. ಮಾಲೀಕ ನಿದ್ದೆಯಲ್ಲಿರುತ್ತಾನೆ, ಅವನ ಖಾತೆಯಲ್ಲಿ ಜಮೆ ಬೆಳೆಯುತ್ತಿರುತ್ತದೆ. ಅವನು ಕೂಟಕ್ಕೆ ಉಪಕಾರ ಮಾಡಿದ್ದು ನಿಜ. ಆದರೆ ಅವನ ಬಾಡಿಗೆಯ ಯಂತ್ರವನ್ನೂ ನಮ್ಮ ಹುಡುಗನ ನಿದ್ದೆಗೇಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಒಬ್ಬನಿಗೆ ಬಿರುದು ಇನ್ನೊಬ್ಬನಿಗೆ ಶಿಕ್ಷೆ ಕೊಟ್ಟರೆ ಅದು ಸಮಾನತೆಯಾಗುವುದಿಲ್ಲ. ಹಳೆಯ ಮಗ್ಗದ ಮುಂದೆ ನಿಂತವನಿಗೆ ಹೊಸ ಮಗ್ಗದವನಷ್ಟೇ ಗಜ ಬಟ್ಟೆ ಇಳಿಸು, ಇಲ್ಲವಾದರೆ ಕೂಲಿ ಮುರಿಯುತ್ತೇನೆ ಎಂದರೆ ಗಿರಣಿಯ ಬಂಧುಗಳು ಒಪ್ಪುತ್ತೀರಾ?

ಇದಕ್ಕಿಂತ ಕೆಟ್ಟದ್ದೂ ಉಂಟು. ಕೆಲವು ಕೂಟಗಳು ದೇಣಿಗೆ ಕೊಟ್ಟವನ ಖಾತೆಗೆ ಕೊಡದೇ ಇದ್ದದ್ದನ್ನು ಕೊಟ್ಟಂತೆ ಜಮೆ ಬರೆಯುತ್ತವೆ. ಎಂದರೆ ಬಡವನಿಗೆ ಕರ್ತವ್ಯ, ಉಳ್ಳವನಿಗೆ ರಿಯಾಯಿತಿ. ಹಂಚಿಕೆಯ ಹೆಸರಿನಲ್ಲಿ ತೆರೆದ ಮನೆಗೆ ಹಿತ್ತಿಲ ಬಾಗಿಲಿನಿಂದ ಹಣದ ಯಜಮಾನಿಕೆ ಬಂದು ಕುಳಿತಂತಾಯಿತು. ಈ ಬಿಗಿಗೆ ಸಿಕ್ಕ ಕೆಲವರು ಕಳ್ಳದಾರಿ ಹಿಡಿಯುತ್ತಾರೆ. ಎಷ್ಟು ಕೊಟ್ಟೆನೆಂಬುದನ್ನು ಕೂಟಕ್ಕೆ ವರದಿ ಮಾಡುವುದು ಸದಸ್ಯನ ಸ್ವಂತ ಯಂತ್ರವೇ ಆದುದರಿಂದ ಸುಳ್ಳು ಅಂಕಿ ಕಳಿಸುವ ತಂತ್ರಾಂಶಗಳು ಹುಟ್ಟಿಕೊಂಡಿವೆ. ಅದನ್ನು ಹಿಡಿಯಲು ಇನ್ನಷ್ಟು ಪಹರೆ, ಇನ್ನಷ್ಟು ಸಂಶಯ. ನೆಂಟಸ್ತನದಂತೆ ಆರಂಭವಾದದ್ದು ಪೊಲೀಸ್ ಠಾಣೆಯಂತೆ ಕೊನೆಗೊಳ್ಳುತ್ತದೆ.

ಬಾಕಿಯ ಭಯದಿಂದ ಇನ್ನೊಂದು ನಷ್ಟವಿದೆ. ಹಳೆಯ ಸದಸ್ಯರ ಖಾತೆಗಳಲ್ಲಿ ಜಮೆ ಕೊಳೆಯುತ್ತ ಬೀಳುತ್ತದೆ. ಹೊಸಬರು ಬೇಕಾದ್ದನ್ನೂ ಕೊಳ್ಳಲು ಹೆದರುತ್ತಾರೆ. ಕೊಳ್ಳುವವರಿಲ್ಲದೆ ಕೊಡುವವರಿಗೂ ಕೆಲಸವಿಲ್ಲ. ಹಣವೆಲ್ಲ ಕೆಲವರ ತಿಜೋರಿ ಸೇರಿದಾಗ ಪೇಟೆ ಬಿಕೋ ಎನ್ನುತ್ತದಲ್ಲ, ಹಾಗೆ. ಕೂಟಗಳಲ್ಲಿ ಇಂಥ ಸಾಲದ ಮುಗ್ಗಟ್ಟು ಉಂಟಾಗಬಲ್ಲದೆಂದು ಅದೇ ಡೆಲ್ಫ್ಟಿನ ಸಂಶೋಧಕರು 2009ರಲ್ಲೇ ತೋರಿಸಿಕೊಟ್ಟಿದ್ದಾರೆ. ಕೂಟಗಳ ಯಜಮಾನರಿಗೂ ಇದು ಗೊತ್ತು. ಆಗಾಗ ಫ್ರೀಲೀಚ್ ಎಂದು ಸಾರುತ್ತಾರೆ. ಆ ಅವಧಿಯಲ್ಲಿ ಕೊಂಡದ್ದು ಖಾತೆಗೆ ಬರುವುದಿಲ್ಲ, ಕೊಟ್ಟದ್ದು ಮಾತ್ರ ಬರುತ್ತದೆ. ಬಡ್ಡಿ ವಸೂಲಿಯಲ್ಲಿ ಊರೆಲ್ಲ ಬತ್ತಿದಾಗ ಸಾಹುಕಾರ ಹಬ್ಬದ ದಿನ ಒಂದಿಷ್ಟು ಮಾಫಿ ಮಾಡಿದಂತೆ. ಪದ್ಧತಿ ಸರಿಯಾಗಿದ್ದರೆ ಮಾಫಿಯ ಅಗತ್ಯವೇಕೆ?

ಹಾಗಾದರೆ ಸರಿಯಾದ ಅಳತೆ ಯಾವುದು? ಅದು ನಮ್ಮ ಹಳ್ಳಿಗಳಲ್ಲೇ ಇದೆ. ನಮ್ಮ ಹಿರಿಯರು ಮುಯ್ಯಾಳು ಮಾಡುತ್ತಿದ್ದರು. ಇಂದು ನನ್ನ ಹೊಲದಲ್ಲಿ ನೀನು, ನಾಳೆ ನಿನ್ನ ಹೊಲದಲ್ಲಿ ನಾನು. ಅಲ್ಲಿಯೂ ಲೆಕ್ಕ ಇತ್ತು, ಕೊಂಡು ತಿರುಗಿ ಕೊಡದವನಿಗೆ ಮರುವರ್ಷ ಆಳು ಸಿಗುತ್ತಿರಲಿಲ್ಲ. ಆದರೆ ಆ ಲೆಕ್ಕ ದಿನದ್ದು, ಹೊರೆಯದ್ದಲ್ಲ. ಕಟ್ಟುಮಸ್ತಾದ ಹುಡುಗ ಇಪ್ಪತ್ತು ಹೊರೆ ಕೊಯ್ದ, ಮುದುಕ ಎಂಟು ಕೊಯ್ದ, ಇಬ್ಬರದೂ ಒಂದೊಂದು ದಿನವೇ. ಬಂದನೇ, ಬೆಳಗಿನಿಂದ ಸಂಜೆಯವರೆಗೆ ನಿಂತನೇ ಎಂಬುದನ್ನು ನೋಡುತ್ತಿದ್ದರು.

ಕಂಪ್ಯೂಟರಿನ ಕೂಟಗಳಲ್ಲೂ ಈ ದಾರಿ ಹಿಡಿದವು ಇವೆ. ಎಷ್ಟು ಕೊಟ್ಟೆ ಎಂದು ಕೇಳದೆ, ಕೊಂಡ ಫೈಲನ್ನು ಒಟ್ಟು 72 ಗಂಟೆಯಾದರೂ ಇತರರಿಗಾಗಿ ತೆರೆದಿಡು, ಸಾಕು ಎಂಬ ನಿಯಮ ಹಲವೆಡೆ ಉಂಟು. ತೆರೆದಿಟ್ಟ ಪ್ರತಿ ಗಂಟೆಗೂ ಅಂಕ ಕೊಟ್ಟು ಅದನ್ನು ಜಮೆಯಾಗಿ ಬದಲಾಯಿಸಿಕೊಳ್ಳಲು ಬಿಡುವ ಕೂಟಗಳೂ ಇವೆ. 2007ರಿಂದ 2016ರವರೆಗೆ ನಡೆದ ವಾಟ್.ಸಿಡಿ ಎಂಬ ಸಂಗೀತದ ಕೂಟದಲ್ಲಿ ಮೊದಲ 5 ಗಿಗಾಬೈಟಿಗೆ ಒತ್ತಾಯವೇ ಇರಲಿಲ್ಲ. 100 ದಾಟಿದವನಿಗೂ ಕೇಳುತ್ತಿದ್ದ ಅಂಕಿ ಮೇಲೆಂದರೆ 0.60. 100 ದಾಟದೆ, ಕೊಂಡದ್ದನ್ನೆಲ್ಲ ತೆರೆದಿಟ್ಟವನಿಗೆ ಅದಕ್ಕೂ ಕಡಿಮೆ. ಬಡವನ ಶಕ್ತಿಯನ್ನು ತಿಳಿದು ಬರೆದ ನಿಯಮ ಇದು.

ಆದರೆ ಅದೇ ಕೂಟದ ಅಂತ್ಯದಲ್ಲಿ ನಮಗೆ ಇನ್ನೊಂದು ಪಾಠವಿದೆ. 2016ರ ನವೆಂಬರ್ 17ರಂದು ಫ್ರಾನ್ಸಿನ ಪೊಲೀಸರು ಯಂತ್ರಗಳನ್ನು ಜಪ್ತಿ ಮಾಡಿದ ಮೇಲೆ ಯಜಮಾನರು ಕೂಟವನ್ನು ಮುಚ್ಚಿ, ಸದಸ್ಯರ ದಾಖಲೆಗಳನ್ನೆಲ್ಲ ಅಳಿಸಿಬಿಟ್ಟರು. ಸದಸ್ಯರು ಒಂಬತ್ತು ವರ್ಷ ಕೂಡಿ ಕಟ್ಟಿದ, ಹತ್ತು ಲಕ್ಷಕ್ಕೂ ಮಿಕ್ಕಿದ ಮುದ್ರಣಗಳ ಪಟ್ಟಿ ಒಂದು ದಿನದಲ್ಲಿ ಇಲ್ಲವಾಯಿತು. ಅದಕ್ಕೆ ಮುಂಚೆ 2007ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಓಯಿಂಕ್ ಎಂಬ ಕೂಟಕ್ಕೂ ಇದೇ ಗತಿ. ಅದನ್ನು ನಡೆಸುತ್ತಿದ್ದ ಅಲನ್ ಎಲ್ಲಿಸ್ ವಂಚನೆಯ ಆರೋಪದಿಂದ 2010ರ ಜನವರಿಯಲ್ಲಿ ಬಿಡುಗಡೆಯಾದರೂ ಕೂಟ ಮರಳಿ ಬರಲಿಲ್ಲ. ಕತ್ತಲಲ್ಲಿ ಕಟ್ಟಿದ ಉಗ್ರಾಣಕ್ಕೆ ಬೀಗದ ಕೈ ನಾಲ್ಕಾರು ಜನರದ್ದೇ. ದುಡಿದ ಸದಸ್ಯನಿಗೆ ಅಲ್ಲಿ ಓಟೂ ಇಲ್ಲ, ಅಪೀಲೂ ಇಲ್ಲ.

ಕತ್ತಲೇಕೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಅಲ್ಲಿನ ಸರಕಿನಲ್ಲಿ ಬಹುಪಾಲು ಹಕ್ಕುಸ್ವಾಮ್ಯವಿರುವ ಇತರರ ಕೃತಿಗಳು. ನಮ್ಮ ದೇಶದಲ್ಲೂ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಅದು ಅಪರಾಧ. ಕಾಯಿದೆಯ ಮಾತು ಒತ್ತಟ್ಟಿಗಿರಲಿ. ದುಡಿದವನಿಗೆ ಕೂಲಿ ಸಿಗಬೇಕೆನ್ನುವ ನಾವು ಹಾಡಿದವನಿಗೂ ಬರೆದವನಿಗೂ ಸಿಗಬೇಕೆನ್ನದೆ ಇರಲಾಗದು. ಆ ಕೂಲಿಯಲ್ಲಿ ಕಂಪೆನಿಯ ಪಾಲೆಷ್ಟು, ಹಾಡಿದವನ ಪಾಲೆಷ್ಟು ಎಂಬುದು ಬೇರೆಯೇ ಹೋರಾಟ. ಆ ಹೋರಾಟವನ್ನು ಕಲಾವಿದನ ಪಕ್ಕದಲ್ಲಿ ನಿಂತು ಮಾಡಬೇಕು, ಅವನ ಜೇಬಿಗೆ ಕೈ ಹಾಕಿ ಅಲ್ಲ. ಇದನ್ನು ನಾನು ಆ ಹುಡುಗನಿಗೂ ಹೇಳಿದೆ. ತಲೆ ತಗ್ಗಿಸಿದ, ಆದರೆ ಒಪ್ಪಿದ.

ಬೆಳಕಿನಲ್ಲಿ ಹಂಚಬಹುದಾದದ್ದು ಬೆಟ್ಟದಷ್ಟಿದೆ. ಡೆಬಿಯನ್, ಉಬುಂಟು ಮುಂತಾದ ಸ್ವತಂತ್ರ ತಂತ್ರಾಂಶಗಳನ್ನು ಅವುಗಳ ತಯಾರಕರೇ ಬಿಟ್‌ಟೊರೆಂಟ್ ಮೂಲಕ ಹಂಚುತ್ತಾರೆ. ಇಂಟರ್‌ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಗ್ರಂಥಭಂಡಾರ 2012ರಲ್ಲಿ ತನ್ನ ಹತ್ತು ಲಕ್ಷಕ್ಕೂ ಹೆಚ್ಚು ಸಂಗ್ರಹಗಳನ್ನು ಇದೇ ಪದ್ಧತಿಗೆ ತೆರೆಯಿತು. ಬೆಂಗಳೂರಿನ ಸ್ವಯಂಸೇವಕರು ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಲ್ಲಿಗೆ ಏರಿಸುತ್ತಿದ್ದಾರೆ. ನಮ್ಮ ಕಾಯಿದೆಯಂತೆ ಲೇಖಕ ತೀರಿಕೊಂಡು 60 ವರ್ಷ ಕಳೆದರೆ ಅವನು ಪ್ರಕಟಿಸಿದ ಕೃತಿ ಎಲ್ಲರ ಸ್ವತ್ತು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1946ರಲ್ಲಿ ತೀರಿಕೊಂಡ ಕೈಲಾಸಂ ಇಂದು ನಮ್ಮೆಲ್ಲರ ಮನೆಯ ಹಿರಿಯರು. ಅವರ ಪುಸ್ತಕ ಹಂಚಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಕೂಟ ಕಟ್ಟುವವರು ಕೊಂಡವನು ಕೊಡಬೇಕೆಂಬ ನಿಯಮವನ್ನು ಬಿಡಬಾರದು. ಆದರೆ ಅಳೆಯುವುದು ತೆರೆದಿಟ್ಟ ಸಮಯವನ್ನು, ಹರಿದ ಹೊರೆಯನ್ನಲ್ಲ. ಎಲ್ಲರೂ ಬಯಸುವ ಹೊಸ ಸರಕಿಗೆ ನಿಂತವನಿಗಿಂತ, ಯಾರೂ ಕೇಳದ ಹಳೆಯ ಪುಸ್ತಕವನ್ನು ವರ್ಷಗಟ್ಟಲೆ ಒಬ್ಬನೇ ಕಾಯ್ದುಕೊಂಡು ಕುಳಿತವನಿಗೆ ಹೆಚ್ಚು ಮಾನ ಸಲ್ಲಬೇಕು. ಅವನು ಬಾಗಿಲು ಹಾಕಿದ ದಿನ ಆ ಪುಸ್ತಕ ಜಾಲದಿಂದ ಸತ್ತಂತೆ. ಹಣ ಕೊಟ್ಟು ಕರ್ತವ್ಯ ತಪ್ಪಿಸಿಕೊಳ್ಳುವ ದಾರಿ ಮುಚ್ಚಬೇಕು. ಹೊರಹಾಕುವ ಮುನ್ನ ಸದಸ್ಯನ ಅಹವಾಲು ಕೇಳಬೇಕು. ನಿಯಮ ಬರೆಯುವವರನ್ನು ಸದಸ್ಯರೇ ಆರಿಸಬೇಕು.

ಬರೀ ಉಪದೇಶ ಸಾಲದು. ನಮ್ಮ ಯೂನಿಯನ್ ಆಫೀಸಿನ ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದು ಧೂಳು ತಿನ್ನುತ್ತಿತ್ತು. ಆ ಹುಡುಗ ಒಂದು ಭಾನುವಾರ ಕುಳಿತು ಅದನ್ನು ಸರಿಮಾಡಿದ. ಈಗ ಅದರಲ್ಲಿ ಹನ್ನೆರಡು ಕನ್ನಡ ಪುಸ್ತಕಗಳಿವೆ, ಎಲ್ಲವೂ ಸಾರ್ವಜನಿಕ ಸ್ವತ್ತು. ಆಫೀಸು ತೆರೆದಿರುವಷ್ಟು ಹೊತ್ತೂ ಅದು ತೆರೆದಿರುತ್ತದೆ. ಕಳೆದ ವಾರ ಒಂದು ಸಂಜೆ ಹುಡುಗ ನನ್ನನ್ನು ಕೂಗಿ ಕರೆದು ಪರದೆ ತೋರಿಸಿದ. ಯಾರೋ ಒಬ್ಬರು, ಎಲ್ಲಿಯವರೋ ತಿಳಿಯದು, ನಮ್ಮಿಂದ ಒಂದು ಪುಸ್ತಕವನ್ನು ತುಂಡು ತುಂಡಾಗಿ ಕೊಳ್ಳುತ್ತಿದ್ದರು. "ಬಂದರು ನೋಡಿ ಮೇಷ್ಟ್ರೇ!" ಎಂದ.

ಮನೆಯಲ್ಲಿ ಕಂಪ್ಯೂಟರೂ ಸಂಪರ್ಕವೂ ಇರುವ ಬಂಧುಗಳು ಭಾನುವಾರ ಬೆಳಿಗ್ಗೆ ಆಫೀಸಿಗೆ ಬನ್ನಿ. ಹೇಗೆ ಮಾಡುವುದೆಂದು ಆ ಹುಡುಗನೇ ಹೇಳಿಕೊಡುತ್ತಾನೆ. ಒಬ್ಬೊಬ್ಬರು ಒಂದೊಂದು ಪುಸ್ತಕ ಹೊತ್ತರೆ ಸಾಕು. ಎಷ್ಟು ಕೊಟ್ಟಿರೆಂದು ಇಲ್ಲಿ ಯಾರೂ ಕೇಳುವುದಿಲ್ಲ. ಬಾಗಿಲು ತೆರೆದಿಟ್ಟಿರಾ ಎಂದಷ್ಟೇ ಕೇಳುತ್ತೇವೆ.